ಹೆಸರಾಂತ ಗಿಟಾರಿಸ್ಟ್‌ಗಳ ಟೋನ್ ಪ್ಯಾಕ್‌ಗೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ಮೊದಲೇ ವಿಷಯ ಹೇಳಿಬಿಡುತ್ತೇನೆ. "50 ಜಗತ್ಪ್ರಸಿದ್ಧ ಗಿಟಾರಿಸ್ಟ್‌ಗಳ ಟೋನ್, ಒಂದೇ ಫೈಲ್, ಹಾಕಿದ ಕೂಡಲೇ ಅದೇ ಸದ್ದು" ಅಂತ ಫೋನಿಗೆ ಬರುವ ಮೆಸೇಜ್ ನಂಬಿ ದುಡ್ಡು ಕಳಿಸಬೇಡಿ. ಕಳಿಸಿ ಆಗಿದ್ದರೆ ಆ ಫೈಲನ್ನು ನಿಮ್ಮ ಮಾಡೆಲರ್‌ಗೆ, ಅಂದರೆ ಗಿಟಾರ್ ಆಂಪ್‌ನ ಸದ್ದು ನಕಲು ಮಾಡುವ ಸಾಧನಕ್ಕೆ, ಹಾಕಬೇಡಿ. ಹಾಕಿಯೂ ಆಗಿದ್ದರೆ ಅದೇ ಸ್ಥಿತಿಯಲ್ಲಿ ಸ್ಟೇಜ್ ಹತ್ತಬೇಡಿ. ನಾನು ಈ ಮೂರನ್ನೂ ಮಾಡಿದೆ. ಹೋದ ಗಣಪತಿ ಹಬ್ಬದಲ್ಲಿ, ಬೆಳಗಾವಿಯಲ್ಲಿ, ನಮ್ಮವರೆಲ್ಲರ ಎದುರು.

ನಮ್ಮ ಮನೆ ಟಿಳಕವಾಡಿಯಲ್ಲಿ. ಐದು ಜನರ ಸಣ್ಣ ತಂಡ ನಮ್ಮದು. ಕನ್ನಡ, ಮರಾಠಿ, ಹಿಂದಿ ಹಾಡು ನುಡಿಸುತ್ತೇವೆ, ಈ ಊರಲ್ಲಿ ಮೂರೂ ಬೇಕು. ನಾನು ಗಿಟಾರ್. ನಿಜವಾದ ವಾಲ್ವ್ ಆಂಪ್ ಕೊಳ್ಳುವಷ್ಟು ದುಡ್ಡಿಲ್ಲ. ಇದ್ದರೂ ನಮ್ಮ ಗಲ್ಲಿಯಲ್ಲಿ 100 ವ್ಯಾಟ್‌ನ ಮಾರ್ಷಲ್ ಆಂಪ್ ಅನ್ನು ಜೋರಾಗಿ ಬಾರಿಸಲು ಆಗುತ್ತಾ? ಅದಕ್ಕೇ ಮಾಡೆಲರ್ ತಗೊಂಡೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಆಂಪ್, ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕ್, ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್ ಎಲ್ಲವನ್ನೂ ಲೆಕ್ಕದಲ್ಲೇ ನಕಲು ಮಾಡುವ ಸಾಧನ ಇದು. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಬಂದ ಮೇಲೆ ಮನೆಯಲ್ಲಿ ನುಡಿಸುವವರಿಗೆ ಇದು ಕೈಗೆಟುಕಿತು. ನನ್ನದು ಪುಣೆಯ ಒಬ್ಬ ಹುಡುಗನಿಂದ ಕೊಂಡ ಸೆಕೆಂಡ್ ಹ್ಯಾಂಡ್. ಅದು ಒಳ್ಳೆಯ ಸಾಧನ, ಅದರ ಮೇಲೆ ನನ್ನ ದೂರಿಲ್ಲ.

ಎಂಟು ತಿಂಗಳು ಕೂತು ಅದರಲ್ಲಿ ನನ್ನದೇ 11 ಪ್ಯಾಚ್, ಅಂದರೆ ಸೇವ್ ಮಾಡಿಟ್ಟ ಸದ್ದಿನ ಸೆಟ್ಟಿಂಗ್, ಮಾಡಿಕೊಂಡಿದ್ದೆ. ಬಹಳ ದೊಡ್ಡದೇನಲ್ಲ. ಕ್ಲೀನ್ ಒಂದು, ಸ್ವಲ್ಪ ಒಡೆದ ಸದ್ದಿನ ರಿದಂ ಒಂದು, ಸೋಲೋಗೆ ಎರಡು, ಹೀಗೆ. ತಂಡದ ಜೊತೆ ನುಡಿಸಿ ನುಡಿಸಿ ತಿದ್ದಿದ್ದು.

ಆಗ ಬಂತು ಈ ಪ್ಯಾಕ್. 2,800 ರೂಪಾಯಿ. ಮಾರುವವನ ಹೆಸರು ಇಲ್ಲಿ ಬರೆಯುವುದಿಲ್ಲ. ಗಿಲ್ಮೋರ್, ಬ್ರಯಾನ್ ಮೇ, ವ್ಯಾನ್ ಹೇಲನ್, ನಾಪ್‌ಫ್ಲರ್, ಹೆಂಡ್ರಿಕ್ಸ್ ಅಂತ ಸಾಲಾಗಿ ಹೆಸರು. ಹದಿನಾಲ್ಕನೇ ವಯಸ್ಸಿನಿಂದ ಕೇಳಿ ಬೆಳೆದ ಹೆಸರುಗಳು ಅವು. ಆ ಸದ್ದು ನನ್ನ ಕೈಯಿಂದ ಬರಬೇಕು ಅನ್ನುವ ಆಸೆ ಗಿಟಾರ್ ಹಿಡಿದ ಯಾರಿಗಿಲ್ಲ ಹೇಳಿ? ರಾತ್ರಿ ಹನ್ನೊಂದಕ್ಕೆ ದುಡ್ಡು ಕಳಿಸಿದೆ, ಹನ್ನೊಂದೂಕಾಲಿಗೆ ಫೈಲ್ ಬಂತು.

ಮೊದಲ ಪೆಟ್ಟು ಅಲ್ಲೇ ಬಿತ್ತು. ನಾನು ಅಂದುಕೊಂಡಿದ್ದು 50 ಬೇರೆ ಬೇರೆ ಫೈಲ್ ಬರುತ್ತವೆ, ಬೇಕಾದದ್ದನ್ನು ಖಾಲಿ ಜಾಗಕ್ಕೆ ಹಾಕಿಕೊಳ್ಳಬಹುದು ಅಂತ. ಬಂದದ್ದು ಒಂದೇ ಫೈಲ್. ಅದು ಯಾರದೋ ಮಾಡೆಲರ್‌ನ ಪೂರ್ತಿ ಬ್ಯಾಕಪ್. ಬ್ಯಾಕಪ್ ಹಾಕುವುದೆಂದರೆ ಒಳಗಿರುವುದನ್ನೆಲ್ಲ ಒರೆಸಿ ಅದನ್ನು ಕೂರಿಸುವುದು. ಸ್ಕ್ರೀನ್ ಮೇಲೆ ಎಚ್ಚರಿಕೆ ಬಂದಿತ್ತು. ಅವಸರದಲ್ಲಿ ಸರಿಯಾಗಿ ಓದದೆ ಹೂಂ ಅಂದುಬಿಟ್ಟೆ. ಎರಡು ನಿಮಿಷದಲ್ಲಿ ನನ್ನ 11 ಪ್ಯಾಚ್ ಹೋದವು. ನನ್ನ ಕಡೆ ಅವುಗಳ ಬ್ಯಾಕಪ್ ಇರಲಿಲ್ಲ. ಆ ರಾತ್ರಿ ಅದರ ನೋವೂ ಗೊತ್ತಾಗಲಿಲ್ಲ, ಹೊಸ ಸದ್ದಿನ ಗುಂಗಿನಲ್ಲಿದ್ದೆ.

ಮೂರು ವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಿದೆ. ಮನೆಯವರು ಮಲಗಿರುತ್ತಾರೆ, ಸದ್ದು ಕಡಿಮೆ ಇಡಬೇಕು. ಕಡಿಮೆ ಇಟ್ಟಾಗ ಟೋನ್ ಯಾಕೋ ತೆಳು ಅನಿಸಿ ಬೇಸ್ ಹೆಚ್ಚಿಸಿದೆ, ಮೊನಚು ಸಾಲದು ಅನಿಸಿ ಟ್ರೆಬಲ್ ಹೆಚ್ಚಿಸಿದೆ. ಇದು ನನ್ನೊಬ್ಬನ ಕಿವಿಯ ದೋಷವಲ್ಲ. ಸದ್ದು ಸಣ್ಣದಿದ್ದಾಗ ಮನುಷ್ಯರ ಕಿವಿಗೆ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಸ್ವರಗಳು ಕಡಿಮೆ ಕೇಳುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸಣ್ಣ ಸದ್ದಿನಲ್ಲಿ ಹದವಾಗಿ ಕೇಳಲಿ ಅಂತ ಏರಿಸಿದ ಬೇಸ್, ಟ್ರೆಬಲ್ ಎರಡೂ ದೊಡ್ಡ ಸ್ಪೀಕರ್‌ನಲ್ಲಿ ಮೈಮೇಲೆ ಬೀಳುತ್ತವೆ. ಇದು ನನಗೆ ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಹಬ್ಬದ ಐದನೆಯ ದಿನ ಶಹಾಪುರದ ಒಂದು ಗಲ್ಲಿಯ ಗಣಪತಿ ಮಂಟಪದಲ್ಲಿ ನಮ್ಮ ಕಾರ್ಯಕ್ರಮ. ಸಂಜೆಯಿಂದ ಜಿಟಿಜಿಟಿ ಮಳೆ. ತಾಡಪತ್ರಿಯ ಕೆಳಗೆ ಸ್ಟೇಜ್, ಸುತ್ತ ಸೀರಿಯಲ್ ಲೈಟ್, ಮುಂದೆ ಕುರ್ಚಿ ತುಂಬಾ ಜನ. ಮಳೆಯಿಂದಾಗಿ ಸೌಂಡ್ ಚೆಕ್ ಐದೇ ನಿಮಿಷ. ಮಾಡೆಲರ್‌ನ ಲೆಫ್ಟ್ ಜಾಕ್‌ನಿಂದ ಒಂದು ಕೇಬಲ್ ಮಿಕ್ಸರ್‌ಗೆ ಕೊಟ್ಟೆ. ರೈಟ್‌ನಿಂದ ಇನ್ನೊಂದು ಕೇಬಲ್ ನನ್ನ ಹಿಂದೆ ಇಟ್ಟಿದ್ದ ಗೆಳೆಯನ ಕಾಂಬೋ ಆಂಪ್‌ಗೆ, ನನಗೆ ನಾನು ಕೇಳಿಸಿಕೊಳ್ಳಲು. ಯಾವಾಗಲೂ ಹಾಗೇ ಮಾಡುತ್ತಿದ್ದೆ. ನನ್ನ ಹಳೆಯ ಪ್ಯಾಚ್‌ಗಳು ಎರಡೂ ಕಡೆ ಒಂದೇ ಸದ್ದು ಕೊಡುತ್ತಿದ್ದವು, ಹಾಗಾಗಿ ನಡೆದಿತ್ತು.

ಪ್ಯಾಕ್‌ನ ಪ್ಯಾಚ್‌ಗಳು ಹಾಗಿರಲಿಲ್ಲ. ಹೆಡ್‌ಫೋನ್‌ನಲ್ಲಿ ಅಗಲವಾಗಿ ಕೇಳಿಸಲಿ ಅಂತ ಎಡಕ್ಕೆ ಒಂದು ಆಂಪ್, ಬಲಕ್ಕೆ ಇನ್ನೊಂದು ಆಂಪ್ ಮತ್ತು ಡಿಲೇ (ಪ್ರತಿಧ್ವನಿ) ಇಟ್ಟಿದ್ದರು. ಅಂದರೆ ಜನರಿಗೆ ಹೋಗಿದ್ದು ಅರ್ಧ ಸದ್ದು, ಅದೂ ಚುಚ್ಚುವ ಅರ್ಧ. ನನಗೆ ಬಂದದ್ದು ಇನ್ನರ್ಧ. ಆ ಅರ್ಧವೂ ಕೆಟ್ಟಿತ್ತು. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಸ್ವರವನ್ನು ಬಹಳ ಕಡಿಮೆ ಮಾಡುತ್ತದೆ. ಮಾಡೆಲರ್ ಒಳಗೇ ಆ ಸ್ಪೀಕರ್‌ನ ನಕಲಿದೆ. ಅದನ್ನು ಮತ್ತೆ ನಿಜವಾದ ಗಿಟಾರ್ ಆಂಪ್‌ಗೆ ಕೊಟ್ಟರೆ ಎರಡೆರಡು ಸಲ ಸೋಸಿದ ಹಾಗೆ. ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳುತ್ತಿತ್ತು.

ಮಂಕಾಗಿ ಕೇಳಿದ್ದಕ್ಕೆ ನಾನೇನು ಮಾಡಿದೆ? ಬಗ್ಗಿ ಮಾಡೆಲರ್‌ನ ಟ್ರೆಬಲ್ ಗುಂಡಿ ತಿರುಗಿಸಿದೆ. ಆ ಗುಂಡಿ ಎರಡೂ ಕಡೆಯ ಸದ್ದನ್ನು ಬದಲಿಸುತ್ತದೆ. ನನಗೆ ಇನ್ನೂ ಮಂಕು, ಇನ್ನಷ್ಟು ತಿರುಗಿಸಿದೆ. ಎರಡನೇ ಹಾಡಿನ ನಡುವೆ ತಲೆ ಎತ್ತಿ ನೋಡಿದರೆ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಎರಡೂ ಕಿವಿಯನ್ನು ಸೆರಗಿನಿಂದ ಮುಚ್ಚಿ ಹಿಡಿದಿದ್ದರು. ಆ ಮಗು ನನ್ನನ್ನೇ ನೋಡುತ್ತಿತ್ತು. ಅದು ಇವತ್ತಿಗೂ ಕಣ್ಣ ಮುಂದಿದೆ.

ಹಾಡು ಮುಗಿದ ಕೂಡಲೇ ಸೌಂಡ್ ಕಾಕಾ ಮಿಕ್ಸರ್ ಬಿಟ್ಟು ಸ್ಟೇಜ್ ಪಕ್ಕಕ್ಕೆ ಬಂದರು.

"ತಮ್ಮಾ, ಏನ್ ಮಾಡಾಕತ್ತಿ? ಹೊರಗ ಜೇನ್ನೊಣ ಎದ್ದಂಗ ಆಗೈತಿ."

"ಇಲ್ಲಿ ಏನೂ ಕೇಳವಲ್ದ್ರಿ ಕಾಕಾ. ಪೂರ್ತಿ ಮಂಕ ಐತ್ರಿ."

ಅವರು ಎರಡೂ ಕೇಬಲ್ ನೋಡಿದರು. "ಲೆಫ್ಟ್‌ನ್ಯಾಗ ಒಂದ್, ರೈಟ್‌ನ್ಯಾಗ ಒಂದ್ ಬರಾಕತ್ತೈತಿ ನೋಡ. ಒಂದ ಕೇಬಲ್ ಇಡು, ಇನ್ನೊಂದ್ ತಗಿ."

ಲೆಫ್ಟ್ ಜಾಕ್ ಪಕ್ಕ "ಮೋನೋ" ಅಂತ ಬರೆದಿರುತ್ತದೆ. ಅದೊಂದಕ್ಕೇ ಕೇಬಲ್ ಹಾಕಿದರೆ ಎಡ ಬಲ ಎರಡೂ ಕೂಡಿ ಬರುತ್ತವೆ. ಇಷ್ಟು ಸಣ್ಣ ವಿಷಯ. ಕಾಕಾ ಮಿಕ್ಸರ್‌ನಲ್ಲಿ ಮೇಲಿನ ಸ್ವರ ಇಳಿಸಿದರು, ನನ್ನ ಗಿಟಾರನ್ನು ನೆಲದ ಮಾನಿಟರ್‌ಗೂ ಕೊಟ್ಟರು. ಸದ್ದು ಸಹಿಸುವ ಮಟ್ಟಕ್ಕೆ ಬಂತು.

ಆದರೆ ಆ ರಾತ್ರಿ ಅಷ್ಟಕ್ಕೇ ಮುಗಿಯಲಿಲ್ಲ. ಸೋಲೋ ಪ್ಯಾಚ್ ಒತ್ತಿದರೆ ಗಿಟಾರ್ ಮಾಯ. ಗೇನ್ (ಸದ್ದು ಒಡೆಯುವಷ್ಟು ಸಿಗ್ನಲ್ ಏರಿಸುವುದು) ಜಾಸ್ತಿ ತುಂಬಿದ ಸದ್ದು ಒಬ್ಬರೇ ಕೇಳುವಾಗ ದೊಡ್ಡದು ಅನಿಸುತ್ತದೆ, ಡ್ರಮ್ಸ್ ಮತ್ತು ಕೀಬೋರ್ಡ್ ನಡುವೆ ಮುಳುಗಿ ಹೋಗುತ್ತದೆ. ಹಾಡಿನ ನಡುವೆ ಕೈ ನಿಲ್ಲಿಸಿದರೆ ಗುಂಯ್ ಅನ್ನುವ ಸದ್ದು. ನನ್ನ ಗಿಟಾರ್‌ನಲ್ಲಿರುವುದು ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಒಂದೇ ಸುರುಳಿಯ ಭಾಗ. ಅದು ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನು ಹಿಡಿದುಕೊಳ್ಳುತ್ತದೆ. ಮಂಟಪದ ತುಂಬಾ ಲೈಟು, ವೈರು. ಗೇನ್ ಅದನ್ನೂ ದೊಡ್ಡದು ಮಾಡಿತು. ನನ್ನ ಹಳೆಯ ಪ್ಯಾಚ್‌ಗಳಲ್ಲಿ ಗೇನ್ ಕಡಿಮೆ ಇತ್ತು, ನುಡಿಸದಿದ್ದಾಗ ಗದ್ದಲ ಮುಚ್ಚುವ ನಾಯ್ಸ್ ಗೇಟ್ ಇತ್ತು. ಅವುಗಳಿಗೆ ಮರಳೋಣ ಅಂದರೆ ಅವು ಇರಲಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು. ಕೊನೆಗೆ ಎಲ್ಲ ಬಿಟ್ಟು ಸಪ್ಪೆ ಕ್ಲೀನ್ ಸದ್ದಿನಲ್ಲಿ ಉಳಿದ ಹಾಡು ಮುಗಿಸಿದೆ. ಹಾಡುವವಳು ಪಾಪ ಒಂದು ಮಾತೂ ಆಡಲಿಲ್ಲ.

ಆಮೇಲೆ ಒಂದು ವಾರ ಕೂತು ಪ್ಯಾಕ್‌ನ ಪ್ಯಾಚ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಆಗ ನಿಜವಾಗಿ ಸಿಟ್ಟು ಬಂತು. ಡೇವಿಡ್ ಗಿಲ್ಮೋರ್ 1970ರ ದಶಕದಲ್ಲಿ ಬಳಸಿದ್ದು 100 ವ್ಯಾಟ್‌ನ ಹೈವಾಟ್. ಅದು ಜೋರು ಮಾಡಿದರೂ ಬೇಗ ಒಡೆಯದ, ಸ್ವಚ್ಛ ಸದ್ದಿನ ಆಂಪ್. ಒಡೆದ ಸದ್ದು ಬರುವುದು ಅದರ ಮುಂದಿನ ಬಿಗ್ ಮಫ್‌ನಂಥ ಪೆಡಲ್‌ನಿಂದ. ಪ್ಯಾಕ್‌ನಲ್ಲಿ ಅವರ ಹೆಸರಿನ ಕೆಳಗೆ ಇದ್ದದ್ದು ಗೇನ್ ತುಂಬಿದ ಮಾರ್ಷಲ್ ಮಾದರಿ, ಮೇಲೆ ಒಂದಿಷ್ಟು ರಿವರ್ಬ್. ಬ್ರಯಾನ್ ಮೇ ಹೆಸರಿನದರಲ್ಲಿ ವಾಕ್ಸ್ ಎಸಿ30 ಆಂಪ್‌ನ ಮಾದರಿ ಸರಿಯಾಗಿಯೇ ಇತ್ತು, ಆದರೆ ಅದರ ಮುಂದೆ ಇರಬೇಕಾದ, ಮೇಲಿನ ಸ್ವರ ಏರಿಸುವ ಟ್ರೆಬಲ್ ಬೂಸ್ಟರ್ ಇಲ್ಲ. ಅವರ ಸದ್ದಿನ ಜೀವವೇ ಆ ಜೋಡಿ. ಜೊತೆಗೆ ಅವರು ನುಡಿಸುವುದು 1963ರಲ್ಲಿ ಅಪ್ಪನ ಜೊತೆ ಕೂತು ಮನೆಯಲ್ಲೇ ಮಾಡಲು ಶುರುಮಾಡಿದ ಗಿಟಾರ್, ಪಿಕ್ ಬದಲು ಆರು ಪೆನ್ಸ್ ನಾಣ್ಯ. ಇವೆಲ್ಲ ಯಾವ ಫೈಲಿನಲ್ಲಿ ಬರುತ್ತವೆ? ಸ್ಟೀವಿ ರೇ ವಾನ್ 0.013 ಇಂಚಿನ ದಪ್ಪ ತಂತಿ ಹಾಕಿ, ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದರು. ನನ್ನದು 0.009ರ ತಂತಿ. ಮಾರ್ಕ್ ನಾಪ್‌ಫ್ಲರ್ ಹೆಸರು ಮಾಡಿದ್ದು ಪಿಕ್ ಬಿಟ್ಟು ಬೆರಳಲ್ಲಿ ನುಡಿಸಿ. ಪಿಕ್ ಹಿಡಿದು ಆ ಪ್ಯಾಚ್ ಒತ್ತಿದರೆ ಅವರ ನೆರಳೂ ಬೀಳುವುದಿಲ್ಲ.

ಯು2 ತಂಡದ ಎಡ್ಜ್ ಅವರ ಡಿಲೇ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರಲ್ಲಿ ತುಂಬಾ ಜನ ಬೀಳುತ್ತಾರೆ. ಅವರ ಎಷ್ಟೋ ಹಾಡಿನಲ್ಲಿ ಪ್ರತಿಧ್ವನಿ ಬರುವುದು ಒಂದು ತಾಳದ ಮುಕ್ಕಾಲು ಹೊತ್ತಿಗೆ. 60,000 ಅನ್ನು ಹಾಡಿನ ವೇಗದಿಂದ ಭಾಗಿಸಿ, ಬಂದದ್ದರ ಮುಕ್ಕಾಲು ತಗೊಳ್ಳಿ. ನಿಮಿಷಕ್ಕೆ 120 ತಾಳದ ಹಾಡಿಗೆ 375 ಮಿಲಿಸೆಕೆಂಡ್. ನಾವು ನುಡಿಸಿದ ಹಾಡು 100ರ ವೇಗದ್ದು, ಅದಕ್ಕೆ 450 ಬೇಕು. ಪ್ಯಾಚ್‌ನಲ್ಲಿ 375 ಅಂತ ಕೂತಿತ್ತು. ಗಿಟಾರ್ ಒಂದು ಕಡೆ, ಡ್ರಮ್ಸ್ ಒಂದು ಕಡೆ ಓಡಿದವು. ಮಾಡೆಲರ್‌ನಲ್ಲಿ ಟ್ಯಾಪ್ ಟೆಂಪೋ ಅಂತ ಇರುತ್ತದೆ, ಕಾಲಲ್ಲಿ ತಾಳ ಹಾಕಿದರೆ ಸಾಕು, ಡಿಲೇ ತಾನೇ ಹೊಂದಿಕೊಳ್ಳುತ್ತದೆ. ಅದನ್ನು ಆನ್ ಮಾಡಿರಬೇಕು ಅಷ್ಟೇ.

ಇನ್ನೊಂದು ವಿಷಯ ತಿಳಿದಾಗ ದುಡ್ಡು ಹೋದದ್ದಕ್ಕೆ ಹೊಟ್ಟೆ ಉರಿಯಿತು. ಪ್ಯಾಕ್‌ನ ಎಷ್ಟೋ ಪ್ಯಾಚ್‌ಗಳು ಬಳಕೆದಾರರು ಪುಕ್ಕಟೆಯಾಗಿ ಹಂಚಿಕೊಂಡವು, ಹೆಸರು ಮಾತ್ರ ಬದಲಾಗಿತ್ತು. ಲೈನ್ 6ಗೆ ಕಸ್ಟಮ್‌ಟೋನ್, ಕೆಂಪರ್‌ಗೆ ರಿಗ್ ಎಕ್ಸ್‌ಚೇಂಜ್, ಬಾಸ್‌ಗೆ ಟೋನ್ ಎಕ್ಸ್‌ಚೇಂಜ್ ಅಂತ ಕಂಪನಿಗಳದೇ ಜಾಗಗಳಿವೆ. ಮೊದಲು ಅಲ್ಲಿ ಹುಡುಕಿ. ಅಲ್ಲಿಂದ ತಂದದ್ದನ್ನೂ ನಿಮ್ಮ ಗಿಟಾರ್‌ಗೆ ತಿದ್ದಿಕೊಳ್ಳಲೇಬೇಕು, ಆದರೆ ಕೈಯಿಂದ ದುಡ್ಡು ಹೋಗುವುದಿಲ್ಲ. ದುಡ್ಡು ಕೊಟ್ಟೇ ಕೊಳ್ಳುವುದಾದರೆ, ಫೈಲ್ ಬಿಡಿಬಿಡಿಯಾಗಿ ಬರುತ್ತದಾ ಅಥವಾ ಪೂರ್ತಿ ಬ್ಯಾಕಪ್ಪಾ ಅಂತ ಕೇಳಿ. ನಿಮ್ಮ ಮಾಡೆಲರ್‌ನ ಸಾಫ್ಟ್‌ವೇರ್ ಯಾವ ಆವೃತ್ತಿ, ಪ್ಯಾಚ್ ಮಾಡಿದ್ದು ಯಾವುದರಲ್ಲಿ, ಯಾವ ಪಿಕಪ್‌ನಲ್ಲಿ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಮತ್ತು ಇವತ್ತೇ, ಇದನ್ನು ಓದಿ ಮುಗಿಸಿದ ಕೂಡಲೇ, ನಿಮ್ಮ ಪ್ಯಾಚ್‌ಗಳ ಬ್ಯಾಕಪ್ ತೆಗೆದು ಕಂಪ್ಯೂಟರ್‌ನಲ್ಲಿ ಇಡಿ.

ಈಗ ತಿಂಗಳಿಗೆ ಎರಡು ಭಾನುವಾರ ಸೌಂಡ್ ಕಾಕಾರ ಗೋದಾಮಿಗೆ ಹೋಗುತ್ತೇನೆ. ದೊಡ್ಡ ಸ್ಪೀಕರ್‌ಗೆ ಹಾಕಿ, ಸ್ಟೇಜ್‌ನಷ್ಟೇ ಜೋರಾಗಿ ಇಟ್ಟು, ಅಲ್ಲೇ ಪ್ಯಾಚ್ ಮಾಡುತ್ತೇನೆ. ಕೆಳಗೆ ಸುಮಾರು 100 ಹರ್ಟ್ಸ್, ಮೇಲೆ ಸುಮಾರು 6,000 ಹರ್ಟ್ಸ್‌ಗೆ ಕತ್ತರಿಸುತ್ತೇನೆ. ಗೇನ್ ನನಗೆ ಬೇಕು ಅನಿಸಿದ್ದಕ್ಕಿಂತ ಕಡಿಮೆ. ಸೋಲೋಗೆ ಮಧ್ಯದ ಸ್ವರ ಸ್ವಲ್ಪ ಎತ್ತರ. ಕಾಕಾ ದೂರ ನಿಂತು ಕೇಳಿ ಕೈ ಎತ್ತಿದರೆ ಅದನ್ನು ಸೇವ್ ಮಾಡುವುದು. ಹಳೆಯ 11ರಲ್ಲಿ ಮೂರರ ಸೆಟ್ಟಿಂಗ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ, ಅವು ವಾಪಸ್ ಬಂದವು. ಹೊಸದಾಗಿ ನಾಲ್ಕು ಆಗಿವೆ. ಅದರಲ್ಲಿ ಒಂದು ಗಿಲ್ಮೋರ್ ಸದ್ದಿನ ಹತ್ತಿರ ಹೋಗುತ್ತದೆ: ಹೈವಾಟ್ ಮಾದರಿ ಕ್ಲೀನ್, ಮುಂದೆ ಮಫ್, ಹಿಂದೆ ಡಿಲೇ. ಪೂರ್ತಿ ಅದೇ ಅಲ್ಲ. ಆದರೆ ಸ್ವರ ಎಳೆದು ನಿಲ್ಲಿಸಿದಾಗ ಮೈ ಜುಮ್ ಅನ್ನುತ್ತದೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಮಾರಿದವನು "ನಿಮ್ಮ ಸ್ಪೀಕರ್ ಸರಿಯಿಲ್ಲ" ಅಂತ ಒಂದು ಸಾಲು ಬರೆದು ನನ್ನ ನಂಬರ್ ಬ್ಲಾಕ್ ಮಾಡಿದ. ಹೋದ ವಾರ ನಮ್ಮ ಬೇಸ್ ನುಡಿಸುವ ಹುಡುಗನ ಫೋನಿಗೆ ಬೇರೆ ನಂಬರ್‌ನಿಂದ ಮೆಸೇಜ್ ಬಂದಿದೆ. ಅದೇ ಕೆಂಪು ಚಿತ್ರ, ಅದೇ ಬಿಳಿ ಅಕ್ಷರ. ಈ ಸಲ 100 ಗಿಟಾರಿಸ್ಟ್, 4,500 ರೂಪಾಯಿ, ಹಬ್ಬದ ರಿಯಾಯಿತಿ ಮೂರು ದಿನ ಮಾತ್ರ. ನಿಮಗೂ ಬಂದಿದ್ದರೆ ಉತ್ತರ ಬರೆಯಬೇಡಿ, ನಿಮ್ಮ ತಂಡದವರಿಗೂ ಇವತ್ತೇ ಹೇಳಿ.