ದಣಿದ ಪ್ರವಾದಿಗೆ ಮೊದಲು ನಿದ್ದೆ: ವಿಶ್ವಾಸಿಗಳಿಗಾಗಿ ನಡೆಯುವ ಒಂದು ಒತ್ತಡ ನಿರ್ವಹಣಾ ತರಬೇತಿಯ ವಿಮರ್ಶೆ

ಕ್ರೈಸ್ತ ವಿಶ್ವಾಸಿಗಳಿಗಾಗಿ ಸಿದ್ಧಪಡಿಸಿದ ಒತ್ತಡ ನಿರ್ವಹಣೆಯ ತರಬೇತಿಗಳು ಬಹುಮಟ್ಟಿಗೆ ಎರಡರಲ್ಲಿ ಒಂದು ದಾರಿ ಹಿಡಿಯುತ್ತವೆ. ಕೆಲವು ತರಬೇತಿಗಳು ನಿದ್ದೆ, ನಡಿಗೆ, ಊಟದ ಕುರಿತು ಎಲ್ಲರಿಗೂ ಗೊತ್ತಿರುವ ಸಲಹೆಗಳ ನಡುವೆ ಅಲ್ಲೊಂದು ಇಲ್ಲೊಂದು ಸತ್ಯವೇದದ (ಬೈಬಲಿನ) ವಚನವನ್ನು ಸೇರಿಸಿ ಕೊಡುತ್ತವೆ. ಇನ್ನು ಕೆಲವು, ಪ್ರಾರ್ಥನೆ ಸಾಲದ್ದರಿಂದಲೇ ಈ ಸ್ಥಿತಿ ಬಂದಿದೆ ಎಂಬ ಧಾಟಿಯಲ್ಲಿ ಮಾತನಾಡಿ, ಮೊದಲೇ ಸೋತು ಬಂದವರ ಹೆಗಲ ಮೇಲೆ ಇನ್ನೊಂದು ಹೊರೆ ಇಡುತ್ತವೆ. ನಾನು ಈಚೆಗೆ ಮುಗಿಸಿದ ಆರು ವಾರಗಳ ಆನ್‌ಲೈನ್ ತರಬೇತಿ ಈ ಎರಡೂ ದೋಷಗಳಿಂದ ಬಹಳಷ್ಟು ತಪ್ಪಿಸಿಕೊಂಡಿದೆ. ನಾಲ್ಕನೆಯ ವಾರದಲ್ಲಿ ಮಾತ್ರ ಎರಡನೆಯದಕ್ಕೆ ಜಾರಿದೆ. ಸಭೆಯೊಂದರ (ಚರ್ಚಿನ) ಸಮಾಲೋಚನಾ ತಂಡ ತನ್ನ ಸದಸ್ಯರಿಗೂ ಹೊರಗಿನವರಿಗೂ ಸೇರಿಸಿ ನಡೆಸುವ ಈ ಸಣ್ಣ ಸೇವೆಯ ಹೆಸರು ಇಲ್ಲಿ ಮುಖ್ಯವಲ್ಲ. ಇದೇ ಅಚ್ಚಿನ ತರಬೇತಿಗಳು ಬೇರೆ ಕಡೆಗಳಲ್ಲಿಯೂ ನಡೆಯುವುದರಿಂದ, ಯಾವುದನ್ನು ಹುಡುಕಿ ಸೇರಬೇಕು, ಎಲ್ಲಿ ಎಚ್ಚರದಿಂದಿರಬೇಕು ಎಂಬುದನ್ನು ಹೇಳುವುದೇ ಓದುಗರಿಗೆ ಹೆಚ್ಚು ಉಪಯೋಗವಾದೀತು.

ವಾರಕ್ಕೊಂದು ತರಗತಿ, ನಡುವೆ ಐದಾರು ಜನರ ಚಿಕ್ಕ ಗುಂಪಿನಲ್ಲಿ ಮಾತುಕತೆ, ಮನೆಯಲ್ಲಿ ತುಂಬಿಸುವ ಒಂದು ಅಭ್ಯಾಸ ಪುಸ್ತಿಕೆ ಮತ್ತು ಬೆಳಗ್ಗೆ ಕೇಳಲು ಒಂದು ಪುಟ್ಟ ಧ್ವನಿಮುದ್ರಣ: ಇದಿಷ್ಟು ಅದರ ಚೌಕಟ್ಟು. ಬೋಧಿಸುವವರು ಇಬ್ಬರು; ಒಬ್ಬರು ಸಭಾಪಾಲಕರು, ಇನ್ನೊಬ್ಬರು ಮನೋವಿಜ್ಞಾನ ಓದಿ ಸಮಾಲೋಚನೆಯ ವೃತ್ತಿಯಲ್ಲಿರುವವರು. ಈ ಜೋಡಣೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಇಬ್ಬರೂ ಒಟ್ಟಿಗೆ ಕುಳಿತು ಪಾಠ ಸಿದ್ಧಪಡಿಸಿದ ವಾರ ಯಾವುದು, ಒಬ್ಬರೇ ಸಿದ್ಧಪಡಿಸಿದ ವಾರ ಯಾವುದು ಎಂಬುದು ಕೇಳುವವರಿಗೆ ಸುಲಭವಾಗಿ ಗೊತ್ತಾಗಿಬಿಡುತ್ತದೆ.

ಮೊದಲ ತರಗತಿ ಆರಂಭವಾಗುವುದು ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯದಿಂದ. ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಜಯ ಕಂಡಿದ್ದ ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಬೆದರಿಕೆ ಕೇಳಿದ ಕೂಡಲೇ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ದೇವರನ್ನು ಬೇಡಿಕೊಳ್ಳುತ್ತಾನೆ. ಅದಕ್ಕೆ ಪರಲೋಕದಿಂದ ಬಂದ ಉತ್ತರ ಗದರಿಕೆಯಲ್ಲ, ಉಪದೇಶವೂ ಅಲ್ಲ. ಮಲಗಿ ನಿದ್ದೆ ಹೋದ ಅವನನ್ನು ದೇವದೂತನು ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎನ್ನುತ್ತಾನೆ. ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇರುತ್ತವೆ. ತಿಂದು ಕುಡಿದವನು ಮತ್ತೆ ಮಲಗುತ್ತಾನೆ, ಅದಕ್ಕೂ ಯಾರ ಆಕ್ಷೇಪವೂ ಇಲ್ಲ. ಎರಡನೆಯ ಸಲ ಎಬ್ಬಿಸಿ ತಿನ್ನಿಸಿ, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ಒಪ್ಪಿಕೊಂಡ ಮೇಲೆಯೇ ಅವನನ್ನು ಹೋರೇಬ್ ಬೆಟ್ಟದ ದಾರಿಗೆ ಬಿಡಲಾಗುತ್ತದೆ. ಇಲ್ಲಿ ನಿನಗೇನು ಕೆಲಸ ಎಂಬ ಪ್ರಶ್ನೆಯನ್ನು ದೇವರು ಕೇಳುವುದು 40 ದಿನಗಳ ನಡಿಗೆಯ ಬಳಿಕ.

ಈ ಭಾಗದ ಮೇಲೆ ಅನೇಕ ಪ್ರಸಂಗಗಳನ್ನು ಕೇಳಿದ್ದೇನೆ; ಬಹುತೇಕರು ರೊಟ್ಟಿಯನ್ನೂ ನಿದ್ದೆಯನ್ನೂ ದಾಟಿ ನೇರವಾಗಿ ಹೋರೇಬಿನಲ್ಲಿ ದೇವರು ಮಾತನಾಡಿದ ಮಂದವಾದ ಧ್ವನಿಗೆ ಹೋಗಿಬಿಡುತ್ತಾರೆ. ಈ ತರಬೇತಿ ಹಾಗೆ ಮಾಡದೆ, ಆ ಅನುಕ್ರಮವನ್ನೇ ತನ್ನ ಇಡೀ ಪಠ್ಯದ ಅನುಕ್ರಮವಾಗಿಸಿಕೊಂಡಿದೆ. ದೇಹ ಮೊದಲು, ಮಾತು ಆಮೇಲೆ. ಮೊದಲ ವಾರದ ಮನೆಗೆಲಸವಾಗಿ ಹೊಸ ಸತ್ಯವೇದ ವಾಚನ ಯೋಜನೆಯನ್ನು ಕೊಡದೆ, ಯಾವಾಗ ಮಲಗಿದಿರಿ, ಯಾವ ಊಟ ತಪ್ಪಿತು, ದಿನದ ಯಾವ ಹೊತ್ತಿನಲ್ಲಿ ದವಡೆ ಬಿಗಿಯಿತು ಅಥವಾ ಭುಜ ಏರಿತು ಎಂಬುದನ್ನು ಮಾತ್ರ ಬರೆಯಲು ಹೇಳಿದ್ದು ನನಗೆ ಬಹಳ ಹಿಡಿಸಿತು.

ಹೀಗೆ ಬರೆಯಿಸುವುದಕ್ಕೆ ಕಾರಣವನ್ನೂ ಸರಳವಾಗಿ ವಿವರಿಸಿದರು. ಅಪಾಯ ಎದುರಾದಾಗ ಹೋರಾಡಲು ಇಲ್ಲವೇ ಓಡಲು ದೇಹ ಸಜ್ಜಾಗುವುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿಯೇ ವಿವರಿಸಿದ್ದರು. ಅಡ್ರಿನಾಲಿನ್ ಏರುತ್ತದೆ, ಹೃದಯ ವೇಗ ಪಡೆಯುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಸ್ವಲ್ಪ ತಡವಾಗಿ ಕಾರ್ಟಿಸಾಲ್ ಎಂಬ ಹಾರ್ಮೋನು ಬಂದು ರಕ್ತದಲ್ಲಿ ಸಕ್ಕರೆಯನ್ನು ಒದಗಿಸುತ್ತದೆ. ಹುಲಿಯ ಮುಂದೆ ಇದು ಜೀವ ಉಳಿಸುವ ಏರ್ಪಾಡು. ಮೇಲಧಿಕಾರಿಯ ಇಮೇಲ್, ತೀರದ ಸಾಲ, ಮಗುವಿನ ಪರೀಕ್ಷೆ, ಮುಗಿಯದ ಮನೆಗೆಲಸ ಇವುಗಳ ಮುಂದೆಯೂ ದೇಹ ಇದನ್ನೇ ಮಾಡುತ್ತದೆ, ಆದರೆ ಓಡಿ ಮುಗಿಸುವ ಅವಕಾಶ ಅಲ್ಲಿ ಇರುವುದಿಲ್ಲ. ಹೀಗೆ ಏರಿದ್ದು ಇಳಿಯದೆ ಉಳಿದಾಗ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ವಿಶ್ವಾಸಿಯ ದೇಹವೂ ಇದಕ್ಕೆ ಹೊರತಲ್ಲ ಎಂದು ಸಭಾಪಾಲಕರೇ ಬಾಯಿಬಿಟ್ಟು ಹೇಳಿದ್ದು ಗುಂಪಿನಲ್ಲಿ ಹಲವರಿಗೆ ಸಮಾಧಾನ ತಂದಂತೆ ಕಂಡಿತು.

ಎರಡನೆಯ ವಾರದ ಉಸಿರಿನ ಪ್ರಾರ್ಥನೆಯನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ಬೆನ್ನು ನೆಟ್ಟಗೆ ಮಾಡಿ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ಉಸಿರು ಒಳಗೆಳೆಯುವಾಗ ಮನಸ್ಸಿನಲ್ಲಿ “ಯೆಹೋವನು ನನಗೆ ಕುರುಬನು” ಎಂದೂ, ಬಿಡುವಾಗ “ಕೊರತೆಪಡೆನು” ಎಂದೂ ಹೇಳಿಕೊಳ್ಳಬೇಕು. ಬಿಡುವ ಉಸಿರು ಎಳೆಯುವುದಕ್ಕಿಂತ ಕೊಂಚ ದೀರ್ಘವಾಗಿರಬೇಕು. ಎರಡನೆಯ ಪದವನ್ನು ಎಳೆದು ಹೇಳಿಕೊಂಡರೆ ಅದು ತಾನಾಗಿಯೇ ಆಗುತ್ತದೆ. ಪೂರ್ವ ದೇಶಗಳ ಆರ್ಥೊಡಾಕ್ಸ್ ಸಭೆಗಳು ಯೇಸುವಿನ ನಾಮದ ಚಿಕ್ಕ ಪ್ರಾರ್ಥನೆಯನ್ನು ಶತಮಾನಗಳಿಂದ ಹೀಗೆ ಉಸಿರಿನೊಂದಿಗೆ ಹೆಣೆದುಕೊಂಡು ಬಂದಿವೆ, ಹೀಗಾಗಿ ಇದು ಈಚಿನ ಶೋಧವೇನಲ್ಲ. ಇದರ ಬಗ್ಗೆ ವೈದ್ಯಕೀಯ ಆಧಾರವೂ ಇದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 23 ಮಂದಿ ಆರೋಗ್ಯವಂತರು ಜಪಸರದ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿ ಹೇಳುತ್ತಿದ್ದಾಗ, ಮತ್ತು ಯೋಗದ ಮಂತ್ರವನ್ನು ಹೇಳುತ್ತಿದ್ದಾಗಲೂ, ಅವರ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ಹೃದಯ ಮತ್ತು ರಕ್ತದೊತ್ತಡದ ಲಯಗಳು ಒಂದಕ್ಕೊಂದು ಹೊಂದಿಕೊಂಡಿದ್ದವು. ಮಂತ್ರದಿಂದಲೂ ಅದೇ ಫಲ ಬಂದಿತೆಂಬ ಅಂಶವನ್ನು ಬೋಧಕರು ಮುಚ್ಚಿಡಲಿಲ್ಲ. ಉಸಿರು ದೇವರನ್ನು ಹತ್ತಿರ ಎಳೆದು ತರುವುದಿಲ್ಲ, ಆತನು ಮೊದಲೇ ಹತ್ತಿರವಿದ್ದಾನೆ, ಉಸಿರು ತಣಿಸುವುದು ನಮ್ಮ ದೇಹವನ್ನು ಎಂದು ಅವರು ಎಳೆದ ಗೆರೆ ಸ್ಪಷ್ಟವಾಗಿತ್ತು. ಪ್ರಾರ್ಥನೆಯನ್ನು ಔಷಧಿಯ ಗುಳಿಗೆಯಾಗಿ ಮಾರುವ ಧ್ವನಿಮುದ್ರಣಗಳನ್ನು ಕೇಳಿ ಬೇಸತ್ತವರಿಗೆ ಈ ಪ್ರಾಮಾಣಿಕತೆ ಇಷ್ಟವಾಗುತ್ತದೆ.

ನಿದ್ದೆಯ ವಾರವೂ ಸತ್ವಯುತವಾಗಿದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು, ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಮಧ್ಯಾಹ್ನ ಕಳೆದ ಮೇಲೆ ಅದು ಬೇಡ, ಫೋನು ಮಲಗುವ ಕೋಣೆಯ ಹೊರಗಿರಲಿ ಎಂಬ ಮಾತುಗಳು ಎಲ್ಲೆಡೆ ಸಿಗುತ್ತವೆ. ಇಲ್ಲಿ ವಿಶೇಷವಾದದ್ದು ಪುಸ್ತಿಕೆಯ ರಾತ್ರಿಯ ಪುಟ. ಅದರಲ್ಲಿ ಎರಡು ಕಾಲಂಗಳಿವೆ: ಎಡಕ್ಕೆ ನಾಳೆ ನಾನು ಮಾಡಬೇಕಾದದ್ದು, ಬಲಕ್ಕೆ ನಾನು ಮಾಡಲಾಗದ್ದು. ಎಡಗಡೆಯ ಪಟ್ಟಿಯನ್ನು ಬರೆದು ಮುಚ್ಚಿಡಬೇಕು, ಬಲಗಡೆಯದನ್ನು ಒಂದೊಂದಾಗಿ ಹೆಸರಿಟ್ಟು ಪ್ರಾರ್ಥನೆಯಲ್ಲಿ ಒಪ್ಪಿಸಬೇಕು. ಮಲಗುವ ಮುನ್ನ ಐದು ನಿಮಿಷ ಮುಂದಿನ ಕೆಲಸಗಳನ್ನು ಬರೆದಿಟ್ಟವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆ ಹೋದರೆಂದು ಬೇಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಮಾಡಿದ್ದರು. ಎಡಗಡೆಯ ಕಾಲಮಿಗೆ ಅದೇ ಆಧಾರ. ಬಲಗಡೆಯದಕ್ಕೆ ಆಧಾರ ಸತ್ಯವೇದದ ಕೀರ್ತನೆಗಳ ಗ್ರಂಥದ 127ನೆಯ ಕೀರ್ತನೆ. ನಸುಕಿನಲ್ಲಿ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ತಿನ್ನುವುದು ವ್ಯರ್ಥವೆಂದು ಹೇಳುವ ಆ ಕೀರ್ತನೆ ನಿದ್ದೆಯನ್ನು ದೇವರ ಕೊಡುಗೆಯಾಗಿಯೇ ಕಾಣುತ್ತದೆ. ಬಿರುಗಾಳಿಯ ನಡುವೆ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ ಯೇಸುವಿನ ಪ್ರಸಂಗವನ್ನೂ ಜೊತೆಗೆ ಓದಿಸಿದರು. ಈ ಪುಟವನ್ನು ನಾನು ಈಗಲೂ ಬಳಸುತ್ತಿದ್ದೇನೆ, ಪುಸ್ತಿಕೆಯ ಉಳಿದ ಪುಟಗಳ ಬಗ್ಗೆ ಅದೇ ಮಾತನ್ನು ಹೇಳಲಾರೆ. ವ್ಯಾಯಾಮಕ್ಕೆ ಇದೇ ವಾರದ ಕೊನೆಯಲ್ಲಿ ಚುಟುಕಾಗಿ ಜಾಗ ಕೊಟ್ಟಿದ್ದಾರೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯನ್ನು ಹೇಳಿ, ನಡೆಯುತ್ತಾ ಇತರರಿಗಾಗಿ ಪ್ರಾರ್ಥಿಸಬಹುದು ಎಂದಷ್ಟೇ ಸೇರಿಸಿದ್ದಾರೆ. ಸಾಕಾಗುವಷ್ಟಿದೆ.

ಇನ್ನು ನಾಲ್ಕನೆಯ ವಾರ. ವಿಷಯ ಚಿಂತೆ. ಯಾವುದಕ್ಕೂ ಚಿಂತಿಸದೆ ಎಲ್ಲವನ್ನೂ ದೇವರಿಗೆ ತಿಳಿಸಿರಿ ಎಂಬ ಫಿಲಿಪ್ಪಿಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಮಾತನ್ನು ಇಲ್ಲಿ ಆಜ್ಞೆಯಾಗಿ ಹಿಡಿದು, ಆಜ್ಞೆ ಮೀರಿದರೆ ಅದು ಅವಿಶ್ವಾಸ ಎಂಬಲ್ಲಿಗೆ ಪಾಠವನ್ನು ಎಳೆದೊಯ್ದರು. ಆ ದಿನ ಸಮಾಲೋಚಕರು ಬಂದಿರಲಿಲ್ಲ. ಅಪೊಸ್ತಲ ಪೌಲನು ಆ ಪತ್ರ ಬರೆದದ್ದು ಸೆರೆಯಲ್ಲಿದ್ದುಕೊಂಡು. ಅದೇ ಪತ್ರದ ಎರಡನೆಯ ಅಧ್ಯಾಯದಲ್ಲಿ, ಕಾಯಿಲೆಯಿಂದ ಸಾಯುವ ಸ್ಥಿತಿಗೆ ಬಂದು ಚೇತರಿಸಿಕೊಂಡ ತನ್ನ ಜೊತೆಕೆಲಸದವನಾದ ಎಪಫ್ರೊದೀತನನ್ನು ಕಳುಹಿಸುವುದರಿಂದ ತನ್ನ ದುಗುಡ ಕಡಿಮೆಯಾಗುವುದೆಂದು ಅವನೇ ಹೇಳಿಕೊಳ್ಳುತ್ತಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೆಯ ಅಧ್ಯಾಯದಲ್ಲಿಯಂತೂ, ಎಲ್ಲ ಸಭೆಗಳ ವಿಷಯವಾದ ಚಿಂತೆ ದಿನವೂ ತನ್ನನ್ನು ಒತ್ತುತ್ತಿದೆ ಎನ್ನುತ್ತಾನೆ. ಅಂದರೆ ಚಿಂತೆ ಬೇಡವೆಂದವನು ಚಿಂತೆ ಅರಿಯದವನಲ್ಲ. ಬಂಧನಕ್ಕೆ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಸಂಕಟವನ್ನು ಶಿಷ್ಯರ ಮುಂದೆ ಮುಚ್ಚಿಡದೆ, ತನ್ನೊಂದಿಗೆ ಎಚ್ಚರವಾಗಿರಿ ಎಂದು ಕೇಳಿಕೊಂಡದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಅದನ್ನು ಯಾರೂ ಎತ್ತಲಿಲ್ಲ.

ಅದೇ ವಾರದ ಮನೆಗೆಲಸ ಕೃತಜ್ಞತೆಯ ಪಟ್ಟಿ. ಕೃತಜ್ಞತೆ ಒಳ್ಳೆಯ ಅಭ್ಯಾಸವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕೀರ್ತನೆಗಳ ಗ್ರಂಥದ ಬಹು ದೊಡ್ಡ ಪಾಲು ಗೋಳಿನ ಪ್ರಾರ್ಥನೆಗಳು ಎಂಬುದನ್ನು ಮರೆತು, ಅಳುವವನ ಕೈಗೆ ನೇರವಾಗಿ ಕೃತಜ್ಞತೆಯ ಪಟ್ಟಿ ಕೊಡುವುದು ಅವಸರ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲನ್ನೂ ಅಂಟಿಸಿಕೊಳ್ಳುವುದಿಲ್ಲ. ಹಾಗಿದ್ದೂ ಅದು ಪ್ರಾರ್ಥನೆಯಾಗಿ ಸತ್ಯವೇದದಲ್ಲಿ ಉಳಿದಿದೆ. ಪುಸ್ತಿಕೆಯಲ್ಲಿ ಗೋಳನ್ನು ಬರೆಯಲು ಒಂದು ಖಾಲಿ ಪುಟವಾದರೂ ಇರಬೇಕಿತ್ತು.

ಐದನೆಯ ವಾರ ಮತ್ತೆ ಹಳಿಗೆ ಬರುತ್ತದೆ. ಸಬ್ಬತ್ ದಿನದ, ಅಂದರೆ ವಾರದ ವಿಶ್ರಾಂತಿಯ ದಿನದ, ಆಜ್ಞೆ ವಿಮೋಚನಕಾಂಡದಲ್ಲಿ ಸೃಷ್ಟಿಗೂ, ಧರ್ಮೋಪದೇಶಕಾಂಡದಲ್ಲಿ ಐಗುಪ್ತದ ದಾಸತ್ವದಿಂದ ದೊರೆತ ಬಿಡುಗಡೆಗೂ ಕಟ್ಟಿಕೊಂಡಿದೆ. ದಾಸದಾಸಿಯರಿಗೂ ದನಕರುಗಳಿಗೂ ಅದರಲ್ಲಿ ಪಾಲಿದೆ. ವಿಶ್ರಾಂತಿಯನ್ನು ದುಡಿದು ಗಳಿಸಬೇಕಾದ ಬಹುಮಾನವೆಂದು ತಿಳಿದವರಿಗೆ ಈ ಓದು ನಾಟುತ್ತದೆ. ಆದರೆ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಹಿಳೆಯೊಬ್ಬರು, ನನಗೆ ಸಬ್ಬತ್ ಎಲ್ಲಿಂದ ಬರಬೇಕು ಎಂದು ಕೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಸಮಾಲೋಚಕರು ಅದಕ್ಕೆ ವಚನ ಹುಡುಕಲು ಹೋಗದೆ, ಇದು ನೀವೊಬ್ಬರೇ ಬಿಡಿಸಬೇಕಾದ ಪ್ರಶ್ನೆಯಲ್ಲ, ವೇಳಾಪಟ್ಟಿಯ ಪ್ರಶ್ನೆ ಎಂದು ಹೇಳಿ, ಅವರ ಸಭೆಯಲ್ಲಿ ಮತ್ತು ಬಂಧುಗಳಲ್ಲಿ ಯಾರನ್ನು ಯಾವ ದಿನ ಕೇಳಬಹುದೆಂದು ಅಲ್ಲಿಯೇ ಹೆಸರು ಬರೆಯಿಸಿದರು. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಅವನ ಮಾವ ಇತ್ರೋ, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುವೆ ಜನರೂ ಬಳಲುವರು ಎಂದು ಹೇಳಿ ಕೆಲಸ ಹಂಚಿಸಿದ ಪ್ರಸಂಗ ಆಮೇಲೆ ಬಂತು, ಮತ್ತು ಆಗ ಅದಕ್ಕೆ ತೂಕವಿತ್ತು. ಇಡೀ ತರಬೇತಿಯಲ್ಲಿ ನನಗೆ ಅತ್ಯುತ್ತಮವೆನಿಸಿದ ಹದಿನೈದು ನಿಮಿಷ ಇದೇ.

ಚಿಕ್ಕ ಗುಂಪಿನ ನಿಯಮವೊಂದನ್ನು ಇತರ ಸಭೆಗಳೂ ಅನುಸರಿಸಬಹುದು: ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು, ಪ್ರಾರ್ಥನಾ ವಿಷಯದ ಹೆಸರಿನಲ್ಲಿಯೂ ಹೇಳಬಾರದು. ಒಬ್ಬರ ಸಂಕಟ ಪ್ರಾರ್ಥನೆಯ ವೇಷ ತೊಟ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುವುದನ್ನು ಕಂಡವರಿಗೆ ಈ ನಿಯಮದ ಬೆಲೆ ಗೊತ್ತು. ಬೆಳಗಿನ ಧ್ವನಿಮುದ್ರಣಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಿನ್ನೆಲೆ ಸಂಗೀತ ಜೋರಾಗಿದೆ, ಓದುವವರು ಅವಸರ ಮಾಡುತ್ತಾರೆ. ಆರನೆಯ ವಾರ ಹಿಂದಿನದರ ಪುನರಾವರ್ತನೆಯಾಗಿದ್ದು, ತಪ್ಪಿಸಿಕೊಂಡರೂ ನಷ್ಟವಿಲ್ಲ.

ಒಂದು ಗಂಭೀರ ಕೊರತೆಯನ್ನು ಮಾತ್ರ ಆಯೋಜಕರು ಮುಂದಿನ ತಂಡಕ್ಕೆ ಮೊದಲೇ ಸರಿಪಡಿಸಬೇಕು. ಎರಡು ವಾರ ಮೀರಿದರೂ ಬಿಡದ ಖಿನ್ನತೆ, ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ಉಸಿರು ಕಟ್ಟುವ ಭಯ, ಬದುಕು ಬೇಡವೆಂಬ ಯೋಚನೆ ಇವು ಇದ್ದವರು ತರಬೇತಿಗೆ ಕಾಯದೆ ವೈದ್ಯರನ್ನು ಕಾಣಬೇಕೆಂಬ ಸೂಚನೆ ಪುಸ್ತಿಕೆಯ ಕೊನೆಯ ಪುಟದಲ್ಲಿದೆ. ಅದು ನೋಂದಣಿಯ ಅರ್ಜಿಯಲ್ಲಿಯೇ, ಹೆಸರಿಗಿಂತಲೂ ಮೇಲೆ, ಇರಬೇಕಾದದ್ದು. ಮಾತ್ರೆ ತೆಗೆದುಕೊಳ್ಳುವುದು ವಿಶ್ವಾಸದ ಕೊರತೆಯಲ್ಲ ಎಂದು ಮೂರನೆಯ ವಾರ ಹೇಳಿ, ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಲೂಕನನ್ನು ಪ್ರಿಯ ವೈದ್ಯನೆಂದು ಕರೆದದ್ದನ್ನು ನೆನಪಿಸಿದವರೇ, ಮುಂದಿನ ವಾರ ಚಿಂತೆಯನ್ನು ಅವಿಶ್ವಾಸವೆಂದದ್ದು ಕೇಳುವವರನ್ನು ಗೊಂದಲಕ್ಕೆ ತಳ್ಳುತ್ತದೆ.

ಕೆಲಸ, ಮನೆ, ಸಭೆಯ ಸೇವೆ ಎಲ್ಲವನ್ನೂ ಹೊತ್ತುಕೊಂಡು, ದೇಹದ ಮಾತನ್ನು ಕೇಳುವುದೇ ಸ್ವಾರ್ಥವೆಂದು ನಂಬಿಕೊಂಡಿರುವವರಿಗೆ ಈ ತರಬೇತಿಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಈಚೆಗೆ ಆಪ್ತರನ್ನು ಕಳೆದುಕೊಂಡವರು ಮತ್ತು ಆತಂಕದ ಕಾಯಿಲೆಗೆ ಚಿಕಿತ್ಸೆಯಲ್ಲಿರುವವರು ಸದ್ಯಕ್ಕೆ ಸೇರದಿರುವುದು ಒಳ್ಳೆಯದು, ಅಥವಾ ಸೇರಿದರೆ ನಾಲ್ಕನೆಯ ತರಗತಿಯನ್ನು ಬಿಟ್ಟು ಆ ಸಂಜೆ 42ನೆಯ ಕೀರ್ತನೆಯನ್ನು ಓದಿಕೊಳ್ಳಬಹುದು. ಹಾಜರಾತಿಯನ್ನು ಅವರು ಕಡ್ಡಾಯ ಮಾಡಿಲ್ಲ.