ಗಾಜಾ, ಸ್ಟೀಲಾ, ಡಿಜಿಟಲ್ಲಾ? ಮೀನಿನ ಟ್ಯಾಂಕಿಗೆ ಯಾವ ಹೀಟರ್

ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಕಡೆ ಮನೆಯೊಳಗಿನ ಟ್ಯಾಂಕ್ ನೀರೂ ಬೆಳಗಿನ ಹೊತ್ತಿಗೆ ಚೆನ್ನಾಗಿ ತಣ್ಣಗಾಗಿರುತ್ತೆ. ಗೋಲ್ಡ್‌ಫಿಶ್‌ಗೆ ಅದೇನೂ ಲೆಕ್ಕಕ್ಕಿಲ್ಲ, ಹೀಟರೇ ಬೇಡ. ಬೆಟ್ಟಾ, ಏಂಜೆಲ್ ಮೀನುಗಳಿಗೆ 26 ಡಿಗ್ರಿ ಆಸುಪಾಸು ಬೇಕು. 2×1×1 ಅಡಿ ಟ್ಯಾಂಕಿನಲ್ಲಿ ಕಲ್ಲು, ಮೇಲಿನ ಖಾಲಿ ಜಾಗ ಕಳೆದು ಸುಮಾರು 50 ಲೀಟರ್ ನೀರು ನಿಲ್ಲುತ್ತೆ. ಲೀಟರಿಗೆ 1 ವಾಟ್‌ನಂತೆ 50 ವಾಟ್ ಸಾಕು. ‘ಇರಲಿ’ ಅಂತ 200 ವಾಟ್ ತರಬೇಡಿ. ಬಿಸಿ ನೋಡಿ ಹೀಟರನ್ನು ಆಫ್ ಮಾಡುವ ಸ್ವಿಚ್ (ಥರ್ಮೋಸ್ಟಾಟ್) ಅಂಟಿಕೊಂಡರೆ ಅದು ಗಂಟೆಗೆ 3 ಡಿಗ್ರಿ ಏರಿಸುತ್ತಾ ಹೋಗಿ, ಬೆಳಗ್ಗೆ ನಿಮಗೆ ಸಿಗೋದು ಮೀನಿನ ಸಾರು.

ಮೂರು ಬಗೆಯನ್ನೂ ಇಂಥದೇ ಟ್ಯಾಂಕಿನಲ್ಲಿ ಇಟ್ಟು ನೋಡಿದ್ದೇವೆ. ಗಾಜಿನ ಕೊಳವೆಯದು ಅಗ್ಗ, ಎಲ್ಲೆಡೆ ಸಿಗುತ್ತೆ. ಮೇಲಿನ ತಿರುಗಣೆಯನ್ನು ನಂಬುವಂತಿಲ್ಲ, ಒಂದೆರಡು ಡಿಗ್ರಿ ಆಚೀಚೆ ಇದ್ದೇ ಇರುತ್ತೆ; ಬೇರೆ ಥರ್ಮಾಮೀಟರ್ ಬೇಕು. ಬೋರ್‌ವೆಲ್ ನೀರಿಗೆ ಕೊಳವೆ ಮೇಲೆ ಬಿಳಿ ಪದರ ಕೂರುತ್ತೆ. ಪ್ಲಗ್ ಕಿತ್ತು, ಆರಿದ ಮೇಲೆ, ಆ ಭಾಗವನ್ನಷ್ಟೇ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿದರೆ ಹೋಗುತ್ತೆ.

ಸ್ಟೀಲಿನದು ಒಡೆಯಲ್ಲ. ಆದರೆ ಒಳಗಿನ ಇನ್ಸುಲೇಷನ್ ಹೋದರೆ ಇಡೀ ಮೈಗೆ ಕರೆಂಟ್ ಬರುತ್ತೆ, ಹಾಗಾಗಿ 3 ಪಿನ್ ಪ್ಲಗ್ಗೂ ನಿಜವಾದ ಅರ್ತಿಂಗೂ ಕಡ್ಡಾಯ. ಹಳೇ ಮನೆಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇರಲ್ಲ. ಟೆಸ್ಟರ್ ಫೇಸ್ ತೋರಿಸುತ್ತೆ, ಅರ್ತ್ ತೋರಿಸಲ್ಲ. ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅರ್ತ್ ಇಲ್ಲದ ಮನೆಗೆ ಸ್ಟೀಲ್ ಬೇಡವೇ ಬೇಡ.

ಡಿಜಿಟಲ್ ಪ್ಲಾಸ್ಟಿಕ್ ಹೀಟರ್ ನೋಡೋಕೆ ಚೆಂದ. ಸೆನ್ಸರ್ ಅದರ ಮೈಯಲ್ಲೇ ಇರೋದರಿಂದ ಪಕ್ಕದ ನೀರನ್ನಷ್ಟೇ ಅಳೆಯುತ್ತೆ. ಫಿಲ್ಟರ್ ನೀರು ಹರಿಯುವ ಕಡೆ ಇಡದಿದ್ದರೆ ಟ್ಯಾಂಕಿನ ಇನ್ನೊಂದು ಮೂಲೆ ತಣ್ಣಗೇ ಉಳಿಯುತ್ತೆ.

ನಮ್ಮ ಆಯ್ಕೆ ಗಾಜಿನದೇ, ಆದರೆ ಪ್ಲಾಸ್ಟಿಕ್ ಗಾರ್ಡ್ ಹಾಕಿ, ಹೊರಗಿನ ಕಂಟ್ರೋಲರ್ (ನೀರಿನ ಬಿಸಿ ಅಳೆದು ಹೀಟರಿಗೆ ಕರೆಂಟ್ ಕೊಡುವ, ನಿಲ್ಲಿಸುವ ಪೆಟ್ಟಿಗೆ) ಮೂಲಕ. ಕಂಟ್ರೋಲರನ್ನು 26ಕ್ಕೆ, ಹೀಟರಿನ ತಿರುಗಣೆಯನ್ನು 28ಕ್ಕೆ ಇಡಿ. ಕಂಟ್ರೋಲರಿನ ಪ್ರೋಬ್ (ನೀರಲ್ಲಿ ಇಳಿಬಿಟ್ಟ ಸೆನ್ಸರ್) ಅದನ್ನು ಹಿಡಿದ ರಬ್ಬರ್ ಬಿಟ್ಟು ನೀರಿನಿಂದ ಆಚೆ ಜಾರೋದು ಮಾಮೂಲು. ಆಗ ಅದು ಕೋಣೆಯ ಚಳಿ ಅಳೆದು ಹೀಟರ್ ಆನ್ ಮಾಡಿಯೇ ಇಡುತ್ತೆ. 28ಕ್ಕೆ ಹೀಟರ್ ತಾನೇ ಆಫ್ ಆಗುತ್ತೆ. ಹೀಟರಿನ ಸ್ವಿಚ್ ಅಂಟಿದರೆ ಕಂಟ್ರೋಲರ್ ನಿಲ್ಲಿಸುತ್ತೆ. ಎರಡೂ ಒಟ್ಟಿಗೆ ಕೈಕೊಡೋದು ಅಪರೂಪ.

ಇದು ಮೀನಿನ ರಕ್ಷಣೆಯಾಯ್ತು. ನಿಮ್ಮ ಕೈಗೆ ಬೇಕಾದ್ದು 30 ಮಿಲಿಆಂಪ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. 50 ವಾಟ್ ಹೀಟರ್ ಎಳೆಯೋದೇ 0.22 ಆಂಪ್, ಸೋರುವ ಕರೆಂಟಿಗೆ, ಮಿತಿ ಮೀರಿ ಎಳೆದರಷ್ಟೇ ಬೀಳುವ 6 ಆಂಪ್ ಎಂಸಿಬಿ ಅಲುಗಾಡಲ್ಲ. ಆರ್‌ಸಿಸಿಬಿ 0.03 ಆಂಪ್‌ಗೇ ಬೀಳುತ್ತೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಆದರೂ ಒಂದು ಮಾತು: ಬಿರುಕು ಬಿಟ್ಟ 2 ಪಿನ್ ಹೀಟರಿನ ಕರೆಂಟ್ ನೀರಲ್ಲೇ ಕೂತಿರಬಹುದು, ನೀವು ಕೈ ಇಟ್ಟಾಗಲೇ ಅದಕ್ಕೆ ದಾರಿ ಸಿಗೋದು. ಆದ್ದರಿಂದ ಕೈ ಹಾಕೋ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ನೆಲದಲ್ಲಿ ಬೇಡ, ಗೋಡೆಗೆ ಬಡಿಯಿರಿ. ವೈರ್ ಪ್ಲಗ್‌ಗಿಂತ ಕೆಳಗೆ ಬಾಗಿ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತೆ.

ನೀರು ಬದಲಿಸೋಕೆ 20 ನಿಮಿಷ ಮುಂಚೆ ಪ್ಲಗ್ ಕೀಳಿ. ಕರೆಂಟ್ ಹೋಗಿದೆಯಲ್ಲ ಅಂತ ಹಾಗೇ ಬಿಟ್ಟು ನೀರು ತೆಗೆದರೆ, ಕರೆಂಟ್ ಬಂದಾಗ ಹೀಟರ್ ಗಾಳಿಯಲ್ಲಿ ಕಾದಿರುತ್ತೆ. ಮೊದಲ ಬಕೆಟ್ ಸುರಿದ ಕೂಡಲೇ ಗಾಜು ಬಿರಿಯುತ್ತೆ.