ಎಬಿಎಸ್ ದೀಪ ಉರಿದಾಗ: ಮಲ್ಟಿಮೀಟರ್, ಸ್ಕ್ಯಾನರ್, ಆಸಿಲೋಸ್ಕೋಪ್‌ಗಳಲ್ಲಿ ಯಾವುದನ್ನು ನಂಬಬೇಕು?

ಬ್ರೇಕ್ ಹಾಕಿದಾಗ ಚಕ್ರಗಳು ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆಯ ದೀಪ ಹೊತ್ತಿಕೊಂಡು ಸ್ಕ್ಯಾನರ್‌ನಲ್ಲಿ ಸಿ0035 ಎಂಬ ದೋಷದ ಕೋಡ್ ಕಂಡ ಕೂಡಲೇ ಮುಂದಿನ ಎಡ ಚಕ್ರದ ಸೆನ್ಸರ್ ಬದಲಿಸಿಬಿಡುವ ರೂಢಿಯಿದೆ. ಈ ರೂಢಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆ ಚಕ್ರದ ವೇಗದ ಸಂಕೇತ ಸರಿಯಾಗಿ ಬರುತ್ತಿಲ್ಲ ಎನ್ನುವಷ್ಟನ್ನು ಮಾತ್ರ ಕೋಡ್ ಹೇಳುತ್ತದೆ. ಕೆಟ್ಟಿರುವುದು ಸೆನ್ಸರ್ ಇರಬಹುದು, ಅದರ ವೈರ್ ಅಥವಾ ಕನೆಕ್ಟರ್ ಇರಬಹುದು, ಚಕ್ರದೊಂದಿಗೆ ತಿರುಗುತ್ತ ಸೆನ್ಸರ್ ಮುಂದೆ ಹಾದುಹೋಗುವ ಹಲ್ಲುಗಳಿರುವ ಟೋನ್ ರಿಂಗ್ ಇರಬಹುದು, ಸಡಿಲಗೊಂಡ ಬೇರಿಂಗೂ ಇರಬಹುದು. ಇವುಗಳಲ್ಲಿ ಯಾವುದು ಎಂದು ಪತ್ತೆ ಮಾಡಲು ಮಲ್ಟಿಮೀಟರ್, ಕಾರು ಓಡುತ್ತಿರುವಾಗಿನ ಅಂಕಿಗಳನ್ನು (ಲೈವ್ ಡೇಟಾ) ತೋರಿಸುವ ಸ್ಕ್ಯಾನರ್, ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೋಸ್ಕೋಪ್ ಮೂರನ್ನೂ ಬಳಸಿದ್ದೇನೆ. ಎಡಬಲ ಸೆನ್ಸರ್‌ಗಳನ್ನು ಅದಲುಬದಲು ಮಾಡಿ ನೋಡುವ ಹಳೆಯ ಉಪಾಯವನ್ನೂ ಪ್ರಯತ್ನಿಸಿದ್ದೇನೆ.

ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸ್ಕ್ಯಾನರ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಂಜಿನ್ ಕೋಡ್‌ಗಳನ್ನಷ್ಟೇ ಓದುವ ಅಗ್ಗದ ರೀಡರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಎಬಿಎಸ್ ಅನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಮಾಡ್ಯೂಲ್‌ನೊಂದಿಗೆ ಮಾತನಾಡುವಂಥದ್ದೇ ಬೇಕು. ನಾಲ್ಕೂ ಚಕ್ರಗಳ ವೇಗವನ್ನು ಒಂದೇ ಗ್ರಾಫ್‌ನಲ್ಲಿ ತೆರೆದಿಟ್ಟು, ಖಾಲಿ ರಸ್ತೆಯಲ್ಲಿ ನೇರವಾಗಿ ಗಂಟೆಗೆ 20ರಿಂದ 30 ಕಿಲೋಮೀಟರ್ ವೇಗದಲ್ಲಿ ಓಡಿಸಬೇಕು. ತಿರುವಿನಲ್ಲಿ ಹೊರಬದಿಯ ಚಕ್ರಗಳು ಸಹಜವಾಗಿಯೇ ವೇಗವಾಗಿ ತಿರುಗುವುದರಿಂದ ಆಗಿನ ಅಂಕಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಪರದೆಯನ್ನು ಪಕ್ಕದಲ್ಲಿ ಕುಳಿತವರು ನೋಡಲಿ, ಇಲ್ಲವೇ ದಾಖಲಿಸಿಕೊಂಡು ಕಾರು ನಿಲ್ಲಿಸಿದ ಮೇಲೆ ನೋಡಿ.

ಈ ಗ್ರಾಫ್‌ನಲ್ಲಿ ನಾನು ಹೆಚ್ಚು ಗಮನವಿಟ್ಟು ನೋಡುವುದು ಕಾರು ನಿಲ್ಲುವ ಕೊನೆಯ ಕ್ಷಣಗಳನ್ನು. ಮೂರು ಗೆರೆಗಳು ಜೊತೆಯಾಗಿ ಇಳಿಯುತ್ತಿರುವಾಗ ನಾಲ್ಕನೆಯದು ಗಂಟೆಗೆ ಎಂಟೋ ಹತ್ತೋ ಕಿಲೋಮೀಟರ್‌ ಇರುವಾಗಲೇ ತಟ್ಟನೆ ಸೊನ್ನೆಗೆ ಬಿದ್ದರೆ, ಆ ಚಕ್ರದ ಸಂಕೇತ ದುರ್ಬಲವಾಗಿದೆ ಎಂದರ್ಥ. ನಿಧಾನವಾಗಿ ನಿಲ್ಲಿಸುವಾಗ ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ಎನ್ನುವ ದೂರಿಗೆ ಅನೇಕ ಸಲ ಕಾರಣ ಇದೇ. ಚಕ್ರ ಲಾಕ್ ಆಯಿತೆಂದು ತಿಳಿದ ಮಾಡ್ಯೂಲ್, ಬೇಡದ ಜಾಗದಲ್ಲಿ ಬ್ರೇಕ್ ಒತ್ತಡವನ್ನು ಬಿಡತೊಡಗುತ್ತದೆ. ಇಂಥ ಸಂದರ್ಭದಲ್ಲಿ ಎಬಿಎಸ್ ದೀಪ ಉರಿಯದೆಯೂ ಇರಬಹುದು, ಕೋಡ್ ಇಲ್ಲದೆಯೂ ಇರಬಹುದು. ಹಾಗಾಗಿಯೇ ಕೋಡ್‌ಗಿಂತ ಲೈವ್ ಡೇಟಾ ನನಗೆ ಎಷ್ಟೋ ಮೇಲು. ಒಂದು ಎಚ್ಚರಿಕೆ: ಒಂದು ಗೆರೆ ಎಲ್ಲ ವೇಗದಲ್ಲೂ ಸ್ವಲ್ಪವೇ ಮೇಲೆ ಅಥವಾ ಕೆಳಗೆ ಓಡುತ್ತಿದ್ದರೆ, ಸೆನ್ಸರ್ ಮುಟ್ಟುವ ಮೊದಲು ಟೈರ್‌ನ ಗಾಳಿ ಮತ್ತು ಅಳತೆ ನೋಡಿ.

ಯಾವ ಚಕ್ರ ಎಂದು ಸ್ಕ್ಯಾನರ್ ಹೇಳಿದ ಮೇಲೆ ಮಲ್ಟಿಮೀಟರ್‌ನ ಸರದಿ. ಇಲ್ಲಿ ಸೆನ್ಸರ್‌ನ ಬಗೆ ತಿಳಿಯದೆ ಅಳೆದರೆ ದಾರಿ ತಪ್ಪುವುದು ಖಂಡಿತ. ಹಳೆಯ ಪ್ಯಾಸಿವ್ ಸೆನ್ಸರ್ ಒಂದು ಆಯಸ್ಕಾಂತ ಮತ್ತು ತಂತಿ ಸುರುಳಿ ಮಾತ್ರ. ಅದರ ರೋಧ ಸಾಮಾನ್ಯವಾಗಿ 800ರಿಂದ 2500 ಓಮ್‌ಗಳ ನಡುವೆ ಇರುತ್ತದೆ, ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸಣ್ಣ ಎಸಿ ವೋಲ್ಟೇಜ್ ಹುಟ್ಟುತ್ತದೆ. ಇದಕ್ಕೆ ಮಲ್ಟಿಮೀಟರ್ ಹೇಳಿ ಮಾಡಿಸಿದ ಸಾಧನ. ಎಡಬಲ ಎರಡನ್ನೂ ಅಳೆದು ಹೋಲಿಸಿದರೆ ಕೆಟ್ಟದ್ದು ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ.

ಈಚಿನ ಕಾರುಗಳಲ್ಲಿರುವುದು ಆಕ್ಟಿವ್ ಸೆನ್ಸರ್. ಅದಕ್ಕೂ ಎರಡೇ ವೈರ್ ಇರುವುದರಿಂದ ನೋಡಿದ ಮಾತ್ರಕ್ಕೆ ವ್ಯತ್ಯಾಸ ಗೊತ್ತಾಗದು. ಅದರೊಳಗೆ ಎಲೆಕ್ಟ್ರಾನಿಕ್ಸ್ ಇದೆ, ಓಮ್ ಅಳತೆಗೆ ಅಲ್ಲಿ ಅರ್ಥವಿಲ್ಲ, ಹಾನಿಯಾಗುವ ಸಾಧ್ಯತೆಯೂ ಇದೆ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಹಾಕಿ, ಕಾರಿನ ಕಡೆಯ ಪಿನ್‌ಗಳಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಗೆ ಹತ್ತಿರದ ಅಂಕಿ ಬಂದರೆ ಅದು ಆಕ್ಟಿವ್ ಎಂದುಕೊಳ್ಳಬಹುದು. ದೋಷ ಕಂಡ ಕೆಲವು ಮಾಡ್ಯೂಲ್‌ಗಳು ಈ ಪೂರೈಕೆಯನ್ನೇ ನಿಲ್ಲಿಸಿಬಿಡುತ್ತವೆ, ಆದ್ದರಿಂದ ಇಗ್ನಿಷನ್ ಹಾಕಿದ ಮೊದಲ ಕ್ಷಣದಲ್ಲೇ ಕಣ್ಣು ಮೀಟರ್ ಮೇಲಿರಬೇಕು. ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಮೀಟರನ್ನು ಮಿಲಿಆಂಪಿಯರ್‌ಗೆ ಇಟ್ಟು ಒಂದು ವೈರ್‌ನ ನಡುವೆ ಸರಣಿಯಲ್ಲಿ ಸೇರಿಸಿ, ಚಕ್ರವನ್ನು ಇಂಚಿಂಚಾಗಿ ತಿರುಗಿಸಿದರೆ ಅಂಕಿ 7ರ ಆಸುಪಾಸಿನಿಂದ 14ರ ಆಸುಪಾಸಿಗೆ ಜಿಗಿಯುತ್ತದೆ, ಮತ್ತೆ ಇಳಿಯುತ್ತದೆ. ಹೀಗೆ ಜಿಗಿದರೆ ಸೆನ್ಸರ್ ಜೀವಂತವಾಗಿದೆ. ಜಿಗಿಯದಿದ್ದರೆ ವೈರನ್ನು ಚಕ್ರದ ಬಳಿ ಅಲುಗಾಡಿಸುತ್ತ ನೋಡಿ. ಸಸ್ಪೆನ್ಷನ್ ಜೊತೆಗೆ ದಿನವೂ ಮಡಚಿಕೊಳ್ಳುವ ಜಾಗದಲ್ಲಿ ಹೊರಕವಚ ಚೆನ್ನಾಗಿದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುವುದು ಅಪರೂಪವಲ್ಲ.

ಮಲ್ಟಿಮೀಟರ್‌ಗೂ ಸ್ಕ್ಯಾನರ್‌ಗೂ ಸಿಗದೆ ನುಣುಚಿಕೊಳ್ಳುವ ದೋಷವೊಂದಿದೆ: ಬಿರುಕು ಬಿಟ್ಟ ಟೋನ್ ರಿಂಗ್. ರಿಂಗ್‌ನಲ್ಲಿ 48 ಹಲ್ಲುಗಳಿವೆ, ಟೈರ್‌ನ ಸುತ್ತಳತೆ 1.9 ಮೀಟರ್ ಎಂದುಕೊಳ್ಳೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು ಮೂರು ಸುತ್ತು ತಿರುಗುತ್ತದೆ, ಸೆನ್ಸರ್‌ನಿಂದ 140ರಷ್ಟು ಮಿಡಿತಗಳು ಬರುತ್ತವೆ. ಸ್ಕ್ಯಾನರ್‌ನ ಅಂಕಿ ಬದಲಾಗುವುದು ಸೆಕೆಂಡಿಗೆ ಕೆಲವೇ ಬಾರಿ, ಮಲ್ಟಿಮೀಟರ್ ಸರಾಸರಿ ತೋರಿಸುತ್ತದೆ. ಸುತ್ತಿಗೊಮ್ಮೆ ಕೆಡುವ ಒಂದೇ ಒಂದು ಮಿಡಿತ ಇವೆರಡರಲ್ಲೂ ಮುಚ್ಚಿಹೋಗುತ್ತದೆ. ಆಸಿಲೋಸ್ಕೋಪ್‌ನಲ್ಲಿ ಮಾತ್ರ ಅದು ಕಣ್ಣಿಗೆ ರಾಚುತ್ತದೆ: ಒಂದೇ ಸಮನಾಗಿ ಸಾಗುವ ಅಲೆಗಳ ಸಾಲು, ನಡುವೆ ಒಂದು ಅಗಲವಾದ ತೆರಪು, ಮತ್ತೆ ಸಾಲು, ಸರಿಯಾಗಿ ಒಂದು ಸುತ್ತಿನ ನಂತರ ಅದೇ ತೆರಪು. ಆಮೇಲೆ ಟಾರ್ಚ್ ಹಿಡಿದು ರಿಂಗ್ ಮೇಲೆ ಉಗುರು ಎಳೆದರೆ ಎರಡು ಹಲ್ಲುಗಳ ನಡುವಿನ ಸೀಳು ತಾಕುತ್ತದೆ. ರಿಂಗ್‌ನ ಅಡಿಯಲ್ಲಿ ಬೆಳೆದ ತುಕ್ಕು ಒಳಗಿನಿಂದ ಒತ್ತಿ ಅದನ್ನು ಸೀಳಿರುತ್ತದೆ. ಇಂಥ ಕಾರಿಗೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ದೀಪ ಮತ್ತೆ ಉರಿಯುತ್ತದೆ.

ಆಸಿಲೋಸ್ಕೋಪ್ ಕಲಿಯಲು ಸಮಯ ಬೇಕು, ಪ್ರೋಬ್‌ಗಳನ್ನು ಸೇರಿಸುವುದೂ ಸ್ವಲ್ಪ ರಗಳೆಯೇ. ಆದರೂ ವಾರಕ್ಕೆ ಒಂದೆರಡು ಎಬಿಎಸ್ ದೂರುಗಳನ್ನು ನೋಡುವವರು ಎರಡು ಚಾನೆಲ್‌ನ ಚಿಕ್ಕದೊಂದನ್ನಾದರೂ ಇಟ್ಟುಕೊಳ್ಳಲೇಬೇಕು ಎನ್ನುತ್ತೇನೆ. ಎಡ ಚಕ್ರ ಒಂದು ಚಾನೆಲ್‌ಗೆ, ಬಲ ಚಕ್ರ ಇನ್ನೊಂದಕ್ಕೆ ಕೊಟ್ಟರೆ ಆರೋಗ್ಯವಂತ ಸಂಕೇತ ಹೇಗಿರಬೇಕೆಂದು ಆ ಕಾರೇ ಹೇಳಿಕೊಡುತ್ತದೆ. ಸ್ವಂತ ಕಾರನ್ನು ಮಾತ್ರ ನೋಡಿಕೊಳ್ಳುವವರಿಗೆ ಸ್ಕ್ಯಾನರ್, ಮಲ್ಟಿಮೀಟರ್ ಮತ್ತು ಟಾರ್ಚ್ ಧಾರಾಳವಾಗಿ ಸಾಕು.

ಅದಲುಬದಲಿನ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ದೋಷ ಸೆನ್ಸರ್‌ನ ಜೊತೆ ಇನ್ನೊಂದು ಚಕ್ರಕ್ಕೆ ಹೋದರೆ ತೀರ್ಪು ಸ್ಪಷ್ಟ, ನಿಜ. ಆದರೆ ವರ್ಷಗಟ್ಟಲೆ ತುಕ್ಕಿನಲ್ಲಿ ಕೂತ ಸೆನ್ಸರ್ ಇಡಿಯಾಗಿ ಹೊರಬರುವುದು ಕಷ್ಟ, ಪ್ಲಾಸ್ಟಿಕ್ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಚೆನ್ನಾಗಿದ್ದ ಬದಿಯದನ್ನೂ ಹೀಗೆ ಕಳೆದುಕೊಳ್ಳುವ ಅಪಾಯ ಯಾಕೆ?

ಸೆನ್ಸರ್ ಬದಲಿಸಲೇಬೇಕಾಗಿ ಬಂದರೆ ಅದು ಕೂರುವ ಜಾಗದ ತುಕ್ಕನ್ನು ಪೂರ್ತಿ ಕೆರೆದು ತೆಗೆಯಿರಿ. ಸೆನ್ಸರ್‌ಗೂ ರಿಂಗ್‌ಗೂ ನಡುವಿನ ಅಂತರ ಸುಮಾರು ಒಂದು ಮಿಲಿಮೀಟರ್ ಮಾತ್ರ, ಅಡಿಯಲ್ಲಿ ತುಕ್ಕಿನ ತೆಳು ಪದರ ಉಳಿದರೂ ಹೊಸ ಸೆನ್ಸರ್ ಎತ್ತರದಲ್ಲಿ ಕೂತು ಸಂಕೇತ ಕುಗ್ಗುತ್ತದೆ. ಕೋಡ್ ಅಳಿಸಿದ ಮೇಲೆ ಅದೇ ಗ್ರಾಫ್ ತೆರೆದು, ಅದೇ ವೇಗದಲ್ಲಿ ಇನ್ನೊಮ್ಮೆ ನೇರವಾಗಿ ಓಡಿಸಿ, ನಾಲ್ಕೂ ಗೆರೆಗಳು ಸೊನ್ನೆಯವರೆಗೂ ಜೊತೆಯಾಗಿ ಇಳಿಯುತ್ತವೆಯೇ ಎಂದು ನೋಡಿಯೇ ಕಾರನ್ನು ಮಾಲೀಕರಿಗೆ ಒಪ್ಪಿಸಿ.